ಹಳೆಯ ಮೋಟಾರ್ ಹೋಮ್‌ಗೆ ಬ್ರೇಕ್ ಅಪ್‌ಗ್ರೇಡ್: ಕಿಟ್ ಕೊಳ್ಳುವ ಮುಂಚೆ, ಕಿಟ್ ಬಂದ ಮೇಲೆ

‘ಹಳೇ ಮೋಟಾರ್ ಹೋಮ್ ಕೊಂಡಿದ್ದೇನೆ, ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಯಾವ ಡಿಸ್ಕ್ ಕಿಟ್ ಹಾಕಿಸಲಿ?’ ಒಳಗೇ ಮನೆಯಂತೆ ವಾಸಕ್ಕೆ ಅನುಕೂಲ ಇರುವ ಗಾಡಿಯೇ ಮೋಟಾರ್ ಹೋಮ್. ಅದನ್ನು ಕೊಂಡ ಓದುಗರು ಕಳಿಸುವ ಪ್ರಶ್ನೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಪೂರ್ತಿ ಹೇಳಿಬಿಡುತ್ತೇನೆ.

ಕಿಟ್‌ನ ಹೆಸರು ಈ ಪ್ರಶ್ನೆಗೆ ಉತ್ತರವಲ್ಲ. ಪೆಡಲ್‌ನಿಂದ ಟೈರ್‌ವರೆಗೆ ಬ್ರೇಕ್ ಅನ್ನುವುದು ಒಂದೇ ವ್ಯವಸ್ಥೆ. ಒಂದು ಭಾಗವನ್ನು ಮಾತ್ರ ದೊಡ್ಡದು ಮಾಡಿದರೆ ಉಳಿದ ಭಾಗಗಳ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲು ತೂಕ, ಆಮೇಲೆ ರಿಪೇರಿ, ಆಮೇಲೆ ಲೆಕ್ಕ, ಕೊನೆಗೆ ಕಿಟ್. ಈ ಕ್ರಮ ಬಿಡಬೇಡಿ.

ಹಳೆಯ ಬ್ರೇಕ್ ಯಾಕೆ ಸಾಲುವುದಿಲ್ಲ?

ಬ್ರೇಕ್ ಮಾಡುವ ಕೆಲಸ ಒಂದೇ. ಓಡುವ ಗಾಡಿಯ ಶಕ್ತಿಯನ್ನು ಬಿಸಿಯಾಗಿ ಬದಲಿಸಿ ಗಾಳಿಗೆ ಬಿಡುವುದು. ತೂಕ ಎರಡು ಪಟ್ಟಾದರೆ ಈ ಶಕ್ತಿ ಎರಡು ಪಟ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. 5 ಟನ್ ತೂಕದ ಗಾಡಿ ಗಂಟೆಗೆ 60 ಕಿ.ಮೀ. ವೇಗದಿಂದ ಬಂದು ನಿಂತರೆ ಸುಮಾರು 7 ಲಕ್ಷ ಜೌಲ್ ಶಾಖ ಹುಟ್ಟುತ್ತದೆ. 90 ಕಿ.ಮೀ. ವೇಗದಿಂದ ನಿಂತರೆ 15.6 ಲಕ್ಷ. ಇನ್ನು ಇಳಿಜಾರಿನ ಲೆಕ್ಕ ನೋಡಿ. ಅದೇ ಗಾಡಿ 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಕರಗಿಸಬೇಕಾದ ಶಕ್ತಿ ಸುಮಾರು 245 ಲಕ್ಷ ಜೌಲ್. ಗಾಳಿ, ಟೈರ್, ಎಂಜಿನ್ ಅದರಲ್ಲಿ ಒಂದಷ್ಟನ್ನು ತಿನ್ನುತ್ತವೆ ನಿಜ. ಆದರೆ ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ 90ರ ವೇಗದಿಂದ ಹದಿನೈದು ಹದಿನಾರು ಸಲ ಒಂದೇ ಸಮನೆ ನಿಲ್ಲಿಸಿದಷ್ಟು ಬಿಸಿ. ಹಳೆಯ ಡ್ರಮ್ ಬ್ರೇಕ್ ಸೋಲುವುದು ಇಲ್ಲೇ.

ಡ್ರಮ್ ಬ್ರೇಕ್‌ನಲ್ಲಿ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪದರ, ಅಂಟಿಸಿದ ಎರಡು ಶೂಗಳು ಒಳಗಿನಿಂದ ಹೊರಕ್ಕೆ ಒತ್ತಿ ಡ್ರಮ್ಮನ್ನು ಹಿಡಿಯುತ್ತವೆ. ಕಾದಾಗ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಲೈನಿಂಗ್ ಕೂಡ ಬಿಸಿಗೆ ಹಿಡಿತ ಬಿಡುತ್ತದೆ. ಇದನ್ನೇ ಬ್ರೇಕ್ ಫೇಡ್ ಎನ್ನುತ್ತಾರೆ. ಡಿಸ್ಕ್ ಬ್ರೇಕ್‌ನಲ್ಲಿ ತಿರುಗುವ ತಟ್ಟೆಯನ್ನು, ಅಂದರೆ ರೋಟರನ್ನು, ಕ್ಯಾಲಿಪರ್‌ನೊಳಗಿನ ಪ್ಯಾಡ್‌ಗಳು ಎರಡೂ ಕಡೆಯಿಂದ ಅದುಮುತ್ತವೆ. ರೋಟರ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ನೀರು ಬಿದ್ದರೂ ಬೇಗ ಒಣಗುತ್ತದೆ.

ಡ್ರಮ್‌ಗೂ ಒಂದು ಒಳ್ಳೆಯ ಗುಣ ಇದೆ. ಅದು ತಿರುಗುವಾಗ ಶೂವನ್ನು ತಾನೇ ತನ್ನ ಮೇಲೆ ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಹಾಗಾಗಿ ಕಾಲಿನ ಬಲ ಕಡಿಮೆ ಸಾಕು. ಡಿಸ್ಕ್‌ಗೆ ಈ ಸಹಾಯ ಇಲ್ಲ, ಒತ್ತಡ ಜಾಸ್ತಿ ಬೇಕು. ಇದನ್ನು ನೆನಪಿಡಿ, ಮುಂದಿನ ಎಷ್ಟೋ ತೊಂದರೆಗಳ ಮೂಲ ಇದೇ.

ನಿಮ್ಮ ಗಾಡಿಯಲ್ಲಿ ಈಗ ಏನಿದೆ ಎಂದು ಮೊದಲು ತಿಳಿದುಕೊಳ್ಳಿ. 1973ರಿಂದ 1978ರವರೆಗಿನ ಜಿಎಂಸಿ ಮೋಟಾರ್ ಹೋಮ್‌ಗೆ ಆರು ಚಕ್ರ. ಮುಂದಿನ ಎರಡಕ್ಕೆ ಡಿಸ್ಕ್, ಹಿಂದಿನ ನಾಲ್ಕಕ್ಕೆ ಡ್ರಮ್. ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್‌ಗಳಿಗೆ ಮುಂದಿನ ಡಿಸ್ಕ್ ಬಂದಿದ್ದು 1971ರ ಮಾಡೆಲ್‌ನಿಂದ. ಅದಕ್ಕೂ ಹಿಂದಿನವಕ್ಕೆ ಎಲ್ಲ ಚಕ್ರಕ್ಕೂ ಡ್ರಮ್. ಒಂದೇ ಹೆಸರಿನ ಗಾಡಿಯಾದರೂ ವರ್ಷ ಬದಲಾದರೆ ಬ್ರೇಕ್ ಬದಲಾಗಿರಬಹುದು.

ಏನೇನು ಬೇಕು?

ಸರ್ವಿಸ್ ಮ್ಯಾನ್ಯುಯಲ್ ಮೊದಲು. ಗಮನಿಸಿ, ಮೋಟಾರ್ ಹೋಮ್‌ಗಳಲ್ಲಿ ಹೆಚ್ಚಿನವುಗಳ ಮನೆ ಕಟ್ಟಿದ್ದು ಒಂದು ಕಂಪನಿ, ಚಾಸಿ ಮಾಡಿದ್ದು ಇನ್ನೊಂದು. ಬ್ರೇಕ್ ವಿಷಯಕ್ಕೆ ಬೇಕಾದದ್ದು ಚಾಸಿಯ ಮ್ಯಾನ್ಯುಯಲ್. ಪಾರ್ಟ್ಸ್ ಕೇಳುವಾಗಲೂ ಚಾಸಿ ನಂಬರ್ ಕೊಟ್ಟೇ ಕೇಳಿ. ಗಾಡಿಯ ಹೊರಗೆ ಬರೆದಿರುವ ಹೆಸರು ಹೇಳಿ ತರಿಸಿದ ಪಾರ್ಟ್ ಕೂರದೇ ಹೋಗುವುದು ಮಾಮೂಲು.

ಇದರ ಜೊತೆಗೆ ಗಾಡಿಯ ತೂಕ ತಡೆಯುವ ಜಾಕ್ ಮತ್ತು ಸ್ಟ್ಯಾಂಡ್‌ಗಳು, ಚಕ್ರಕ್ಕೆ ಕೊಡುವ ಅಡ್ಡಗಟ್ಟೆಗಳು, ಇಂತಿಷ್ಟೇ ಬಿಗಿ (ಟಾರ್ಕ್) ಎಂದು ಅಳೆದು ಬಿಗಿಯುವ ಟಾರ್ಕ್ ರೆಂಚ್, ಬ್ರೇಕ್ ಪೈಪ್ ನಟ್ಟಿಗೆ ಸರಿಯಾಗಿ ಕೂರುವ ಫ್ಲೇರ್ ನಟ್ ಸ್ಪ್ಯಾನರ್, ರೋಟರ್‌ನ ಓಲಾಟ ಅಳೆಯುವ ಡಯಲ್ ಗೇಜ್, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಪೆಡಲ್ ಒತ್ತಲು ಒಬ್ಬರು ಸಹಾಯಕರೂ ಬೇಕು.

ಬ್ರೇಕ್ ಕೆಲಸ ಹಿಂದೆಂದೂ ಮಾಡಿಲ್ಲದಿದ್ದರೆ ಮೊದಲ ನಾಲ್ಕು ಹಂತ ನೀವೇ ಮಾಡಿ. ತೂಕ, ತಪಾಸಣೆ, ಆಯ್ಕೆ, ಲೆಕ್ಕ ನಿಮ್ಮ ಕೈಯಲ್ಲಿರಲಿ. ಹಂತ 2ರಲ್ಲಿ ಬರುವುದೂ ಸೇರಿ, ಬಿಚ್ಚಿ ಜೋಡಿಸುವುದನ್ನು ಭಾರದ ಗಾಡಿಗಳ ಮೇಲೆ ಕೆಲಸ ಮಾಡಿ ಅಭ್ಯಾಸ ಇರುವ ಗ್ಯಾರೇಜಿಗೆ ಕೊಡಿ. ಬ್ರೇಕ್ ಬದಲಿಸಿದ ಗಾಡಿಗೆ ಮತ್ತೆ ತಪಾಸಣೆ, ಅನುಮತಿ ಬೇಕು ಎನ್ನುವ ನಿಯಮ ಎಷ್ಟೋ ಕಡೆ ಇದೆ. ನಿಮ್ಮಲ್ಲಿ ಏನು ನಿಯಮ ಅಂತ ಕೆಲಸ ಶುರುವಾಗುವ ಮುಂಚೆಯೇ ಕೇಳಿಕೊಳ್ಳಿ. ವಿಮೆಯವರಿಗೂ ತಿಳಿಸಿ, ಪಾರ್ಟ್ಸ್ ಬಿಲ್ಲುಗಳನ್ನು ಎತ್ತಿಡಿ.

ಹಂತ 1. ಗಾಡಿಯನ್ನು ತೂಕ ಹಾಕಿಸಿ

ಖಾಲಿ ಗಾಡಿಯನ್ನಲ್ಲ. ನೀರಿನ ಟ್ಯಾಂಕ್, ಪೆಟ್ರೋಲ್ ಅಥವಾ ಡೀಸೆಲ್, ಗ್ಯಾಸ್, ಸಾಮಾನು, ಪ್ರಯಾಣಿಕರು, ಎಲ್ಲ ಸೇರಿಸಿ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. 200 ಲೀಟರ್ ನೀರು ಅಂದರೆ 200 ಕೆ.ಜಿ. ಆಯಿತು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ ಬರೆದುಕೊಳ್ಳಿ. ಚಾಸಿಯ ತಗಡಿನ ಮೇಲೆ ಪ್ರತಿ ಆಕ್ಸಲ್‌ಗೂ ಇಂತಿಷ್ಟೇ ಭಾರ ಎಂದು ಬರೆದಿರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಮೊದಲು ಸಾಮಾನು ಇಳಿಸಿ. ದೊಡ್ಡ ಬ್ರೇಕ್ ಹಾಕಿದರೆ ಆಕ್ಸಲ್, ಬೇರಿಂಗ್, ಟೈರ್‌ಗಳ ಮಿತಿ ಹೆಚ್ಚಾಗುವುದಿಲ್ಲ.

ಟೈರ್ ಕೂಡ ಇದೇ ದಿನ ನೋಡಿಬಿಡಿ. ಕೊನೆಗೆ ಗಾಡಿ ನಿಲ್ಲುವುದು ಟೈರ್ ಮತ್ತು ರಸ್ತೆಯ ಹಿಡಿತದಿಂದ. 2000ದಿಂದೀಚೆಗಿನ ಟೈರ್‌ಗಳ ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆ ಗುರುತು ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ 23ನೇ ವಾರ. ಮೋಟಾರ್ ಹೋಮ್ ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ ಅಲ್ವಾ? ಟೈರ್ ಮೇಲಿನ ಅಚ್ಚು ಸವೆಯದೇ ಇದ್ದರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ.

ಹಂತ 2. ಈಗಿರುವ ಬ್ರೇಕನ್ನು ಸರಿಮಾಡಿ

ಈ ಹಂತಕ್ಕೆ ಸಮಯ ಕೊಡಿ. ಇದನ್ನು ಹಾರಿಸಿ ಕಿಟ್ ತರಿಸುವವರೇ ಜಾಸ್ತಿ. ಹಾಗೆ ಮಾಡಿದರೆ ಹೊಸ ಡಿಸ್ಕ್‌ನ ಹಿಂದೆ ಹಳೆಯ ಹೋಸ್, ಹಳೆಯ ಮಾಸ್ಟರ್ ಸಿಲಿಂಡರ್ ಹಾಗೇ ಉಳಿಯುತ್ತವೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ಗೆ ಒತ್ತಡ ಕೊಡುವುದು ಈ ಮಾಸ್ಟರ್ ಸಿಲಿಂಡರ್. ಒತ್ತಡವೇ ಸರಿಯಾಗಿ ಹುಟ್ಟದಿದ್ದರೆ ಎಂಥ ಡಿಸ್ಕ್ ಇದ್ದರೂ ಏನು ಪ್ರಯೋಜನ?

ಎಂಜಿನ್ ಆನ್ ಮಾಡಿ ಪೆಡಲ್ಲನ್ನು ಒಂದು ನಿಮಿಷ ಒಂದೇ ಬಲದಲ್ಲಿ ಒತ್ತಿ ಹಿಡಿಯಿರಿ. ಹೊರಗೆಲ್ಲೂ ಸೋರದೆ ಪೆಡಲ್ ಮಾತ್ರ ನಿಧಾನವಾಗಿ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್‌ನ ಒಳಗಿನ ರಬ್ಬರ್ ಸೀಲ್ ಹೋಗಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಹೋಸ್ ಉಬ್ಬುತ್ತಿದೆ.

ಬೂಸ್ಟರ್ ಪರೀಕ್ಷೆಯೂ ಸುಲಭ. ಎಂಜಿನ್‌ನ ವ್ಯಾಕ್ಯೂಮ್, ಅಂದರೆ ಹೀರುವ ಬಲ, ಬಳಸಿ ನಿಮ್ಮ ಕಾಲಿನ ಒತ್ತಡವನ್ನು ಹೆಚ್ಚಿಸುವ ದುಂಡನೆಯ ಡಬ್ಬಿಯೇ ಬೂಸ್ಟರ್. ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ಐದಾರು ಸಲ ಒತ್ತಿ. ಒತ್ತಿ ಹಿಡಿದುಕೊಂಡೇ ಎಂಜಿನ್ ಆನ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಅದರ ಪೈಪ್, ಇಲ್ಲವೇ ಒಂದೇ ಕಡೆಗೆ ಗಾಳಿ ಬಿಡುವ ಚೆಕ್ ವಾಲ್ವ್, ಇವುಗಳಲ್ಲಿ ಒಂದು ಕೆಟ್ಟಿದೆ.

ರಬ್ಬರ್ ಹೋಸ್‌ಗಳನ್ನು ಯೋಚನೆ ಮಾಡದೆ ಬದಲಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೋಡೆ ಊದಿ ದಾರಿ ಮುಚ್ಚಿರುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ. ಆ ಚಕ್ರ ಬ್ರೇಕ್ ಹಿಡಿದುಕೊಂಡೇ ಓಡುತ್ತದೆ. ಹಿಡಿದುಕೊಂಡ ಚಕ್ರದ ಬ್ಲೀಡರ್ ಸ್ಕ್ರೂ, ಅಂದರೆ ಬ್ರೇಕಿನೊಳಗಿನ ಗಾಳಿ ತೆಗೆಯಲು ಇರುವ ತಿರುಪು, ಸಡಿಲಿಸಿದ ತಕ್ಷಣ ಚಕ್ರ ಬಿಟ್ಟುಕೊಂಡರೆ ಹೋಸ್ ಮೇಲೆಯೇ ಮೊದಲ ಅನುಮಾನ ಇರಲಿ.

ಡ್ರಮ್ ಬಿಚ್ಚುವ ಮುಂಚೆ ಒಂದು ಎಚ್ಚರಿಕೆ. ಹಳೆಯ ಗಾಡಿಗಳ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಏರ್ ಹೊಡೆದು ಧೂಳು ಹಾರಿಸಬೇಡಿ, ಒಣ ಬ್ರಷ್ ಬೇಡ. ಒದ್ದೆ ಮಾಡಿ ಒರೆಸಿ, ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು.

ಡ್ರಮ್‌ನ ಒಳವ್ಯಾಸ ಎಲ್ಲಿಯವರೆಗೆ ಸವೆಯಬಹುದು ಎಂದು ಸಾಮಾನ್ಯವಾಗಿ ಡ್ರಮ್ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದನ್ನು ಮೀರಿದ್ದರೆ ಲೇತ್‌ಗೆ ಕೊಡಬೇಡಿ, ಬದಲಿಸಿ. ಡ್ರಮ್ ಒಳಗಿರುವ ವೀಲ್ ಸಿಲಿಂಡರ್‌ನ ರಬ್ಬರ್ ಬೂಟ್ ಎತ್ತಿ ನೋಡಿ. ಒದ್ದೆಯಾಗಿದ್ದರೆ ಹೊಸದು ಹಾಕಿ. ಆಯಿಲ್ ಅಥವಾ ಗ್ರೀಸ್ ಕುಡಿದ ಶೂವನ್ನು ತೊಳೆದು ಉಳಿಸಲು ಆಗುವುದಿಲ್ಲ. ಶೂ ಹಾಕುವಾಗ ಬಹಳಷ್ಟು ಗಾಡಿಗಳಲ್ಲಿ ಗಿಡ್ಡ ಲೈನಿಂಗ್‌ನ ಶೂ ಮುಂದಕ್ಕೆ, ಉದ್ದ ಲೈನಿಂಗ್‌ನದು ಹಿಂದಕ್ಕೆ. ಇದು ಅದಲು ಬದಲಾದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ಒಂದು ಬದಿಯನ್ನು ಬಿಚ್ಚದೆ ಹಾಗೇ ಬಿಟ್ಟು, ಅದನ್ನು ನೋಡಿಕೊಂಡು ಇನ್ನೊಂದು ಬದಿಯ ಕೆಲಸ ಮಾಡಿ. ಫೋಟೊ ತೆಗೆದಿಟ್ಟುಕೊಳ್ಳಿ.

ಜೋಡಿಸಿದ ಮೇಲೆ ಹಲ್ಲಿನ ಚಕ್ರದಂತಿರುವ ಅಡ್ಜಸ್ಟರ್ ತಿರುಗಿಸಿ, ಶೂ ಡ್ರಮ್‌ಗೆ ಹಗುರಾಗಿ ಉಜ್ಜುವಷ್ಟು ತಂದು, ಸ್ವಲ್ಪ ವಾಪಸು ಬಿಡಿ. ಅಡ್ಜಸ್ಟ್ ತಪ್ಪಿದ ಡ್ರಮ್ ಬ್ರೇಕನ್ನು ಸರಿಮಾಡಿದರೆ ಸಿಗುವ ವ್ಯತ್ಯಾಸ ನೀವು ನಂಬದಷ್ಟು ದೊಡ್ಡದು. ಇಷ್ಟಾದ ಮೇಲೆ ಗಾಡಿ ಓಡಿಸಿ ನೋಡಿ. ಹಗುರ ಗಾಡಿ, ಕಡಿಮೆ ವೇಗ, ಬೆಟ್ಟದ ದಾರಿ ಇಲ್ಲ ಎನ್ನುವವರಿಗೆ ಇದೇ ಸಾಕಾಗಬಹುದು. ಆಗ ಹಣ ಉಳಿಸಿ ಹೊಸ ಟೈರ್ ಹಾಕಿಸಿ ಎನ್ನುವುದೇ ನನ್ನ ಸಲಹೆ.

ಹಂತ 3. ಯಾವುದನ್ನು ಬದಲಿಸಬೇಕು ಎಂದು ತೀರ್ಮಾನಿಸಿ

ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರಗಳಿಗೆ ಹಿಡಿತ ಹೆಚ್ಚು, ಹಿಂದಿನವಕ್ಕೆ ಕಡಿಮೆ. ಹಾಗಾಗಿ ನಾಲ್ಕೂ ಕಡೆ ಡ್ರಮ್ ಇದ್ದರೆ ಮೊದಲು ಮುಂದಿನದಕ್ಕೆ ಡಿಸ್ಕ್ ಹಾಕಿ. ನನ್ನ ಕೇಳಿದರೆ ಹೆಚ್ಚಿನವರು ಅಲ್ಲಿಗೇ ನಿಲ್ಲಿಸಬಹುದು. ಮುಂದೆ ಡಿಸ್ಕ್ ಈಗಾಗಲೇ ಇದ್ದರೆ ದೊಡ್ಡ ಪಿಸ್ಟನ್‌ನ ಕ್ಯಾಲಿಪರ್, ಗಾಳಿ ಹಾಯಲು ನಡುವೆ ಟೊಳ್ಳಿರುವ ದಪ್ಪ ರೋಟರ್, ಭಾರದ ಗಾಡಿಗೆಂದೇ ಮಾಡಿದ ಪ್ಯಾಡ್ ನೋಡಿ. ರೇಸಿಂಗ್ ಪ್ಯಾಡ್ ಬೇಡ. ಅವು ಚೆನ್ನಾಗಿ ಕಾಯುವವರೆಗೆ ಹಿಡಿಯುವುದಿಲ್ಲ. ಬೆಳಿಗ್ಗೆ ಮೊದಲ ಸಲ ಬ್ರೇಕ್ ಒತ್ತಿದಾಗಲೂ ನಿಮ್ಮ ಗಾಡಿ ನಿಲ್ಲಬೇಕು.

ಹಿಂದಿನ ಚಕ್ರಕ್ಕೂ ಡಿಸ್ಕ್ ಬೇಕೇ? ಬೆಟ್ಟಗುಡ್ಡಗಳಲ್ಲಿ ಭಾರ ಹೊತ್ತು ಓಡುವ ದೊಡ್ಡ ಗಾಡಿಗೆ ಅನುಕೂಲ ಇದೆ. ಆದರೆ ಅದಕ್ಕೆ ಕೈ ಹಾಕುವ ಮುಂಚೆ ಹ್ಯಾಂಡ್ ಬ್ರೇಕ್ ಎಲ್ಲಿದೆ ಎಂದು ನೋಡಿ. ಎಷ್ಟೋ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಹಿಂದಿನ ಡ್ರಮ್‌ನೊಳಗೇ. ಡ್ರಮ್ ತೆಗೆದರೆ ಅದೂ ಹೋಯಿತು. ಹ್ಯಾಂಡ್ ಬ್ರೇಕ್ ಒಳಗೊಂಡ ಕ್ಯಾಲಿಪರ್ ಅಥವಾ ಗೇರ್‌ಬಾಕ್ಸ್ ಹಿಂದೆ ಶಾಫ್ಟನ್ನೇ ಹಿಡಿಯುವ ಪ್ರತ್ಯೇಕ ಬ್ರೇಕ್ ಇಲ್ಲದ ಕಿಟ್ಟನ್ನು ಕೊಳ್ಳಬೇಡಿ. ಬರೀ ಗೇರ್ ಲಿವರ್ ಪಾರ್ಕ್‌ನಲ್ಲಿಟ್ಟು ಇಳಿಜಾರಿನಲ್ಲಿ ಮಲಗುವ ಯೋಚನೆಯನ್ನೂ, ಒಳಗೆ ಮಕ್ಕಳಿರುವ ಗಾಡಿಯಲ್ಲಿ, ಮಾಡಬೇಡಿ.

ಕಿಟ್ ಆರಿಸುವಾಗ ಮೂರು ಪ್ರಶ್ನೆ ಕೇಳಿ. ನನ್ನ ಆಕ್ಸಲ್‌ನ ತೂಕಕ್ಕೆ ಇದು ತಯಾರಾಗಿದೆಯೇ? ನನ್ನ ರಿಮ್‌ನೊಳಗೆ ಕ್ಯಾಲಿಪರ್ ಕೂರುತ್ತದೆಯೇ? ಹತ್ತು ವರ್ಷದ ಮೇಲೆ ಇದರ ಪ್ಯಾಡ್, ರೋಟರ್, ಸೀಲ್ ಸಿಗುತ್ತವೆಯೇ? ಕ್ಯಾಲಿಪರ್‌ನ ಅಳತೆಯ ರಟ್ಟು ಕತ್ತರಿಸಿ ರಿಮ್‌ನೊಳಗೆ ಹಿಡಿದು ನೋಡಿದರೆ ಎರಡನೆಯದಕ್ಕೆ ಉತ್ತರ ಸಿಗುತ್ತದೆ. ಬೇರೆ ಗಾಡಿಯ ಕ್ಯಾಲಿಪರ್ ತಂದು, ಬ್ರ್ಯಾಕೆಟ್ ವೆಲ್ಡ್ ಮಾಡಿ ಕೂರಿಸುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ಗಾಡಿ ನಿಲ್ಲಿಸುವ ಬಲವೆಲ್ಲ ಆ ಬ್ರ್ಯಾಕೆಟ್ ಮೇಲೆಯೇ ಬೀಳುತ್ತದೆ.

ಹಂತ 4. ಮಾಸ್ಟರ್ ಸಿಲಿಂಡರ್, ಬೂಸ್ಟರ್‌ಗಳ ಲೆಕ್ಕ

‘ಡಿಸ್ಕ್ ಹಾಕಿಸಿದ ಮೇಲೆ ಪೆಡಲ್ ಕಲ್ಲಿನಂತಾಗಿದೆ’ ಅಥವಾ ‘ಪೆಡಲ್ ನೆಲ ಮುಟ್ಟುತ್ತಿದೆ’ ಎಂದು ಬರೆಯುವವರ ತೊಂದರೆ ಬಹುಪಾಲು ಇಲ್ಲೇ ಇರುತ್ತದೆ.

ಸಿರಿಂಜನ್ನು ನೆನಪಿಸಿಕೊಳ್ಳಿ. ಸಪೂರ ಸಿರಿಂಜ್‌ನಲ್ಲಿ ಕಡಿಮೆ ಬಲಕ್ಕೇ ಹೆಚ್ಚು ಒತ್ತಡ ಬರುತ್ತದೆ, ಆದರೆ ಹೊರಗೆ ಬರುವ ನೀರು ಕಡಿಮೆ. ದಪ್ಪ ಸಿರಿಂಜ್‌ನಲ್ಲಿ ನೀರು ಹೆಚ್ಚು, ಒತ್ತಡ ಕಡಿಮೆ. ಮಾಸ್ಟರ್ ಸಿಲಿಂಡರ್ ಬೋರ್, ಅಂದರೆ ಒಳವ್ಯಾಸ, ಇದೇ ರೀತಿ ಕೆಲಸ ಮಾಡುತ್ತದೆ.

ಅಂಕಿಯಲ್ಲಿ ನೋಡೋಣ. ಕಾಲಿನಿಂದ 30 ಕೆ.ಜಿ. ಬಲ ಕೊಟ್ಟಿರಿ, ಪೆಡಲ್‌ನ ಲಿವರ್ ಅದನ್ನು ಆರು ಪಟ್ಟು ಮಾಡಿತು ಎಂದುಕೊಳ್ಳಿ. 180 ಕೆ.ಜಿ. ಆಯಿತು. 25.4 ಮಿ.ಮೀ. ಬೋರ್‌ನ ವಿಸ್ತೀರ್ಣ ಸುಮಾರು 5.07 ಚದರ ಸೆಂ.ಮೀ. ಹಾಗಾಗಿ ಒತ್ತಡ ಚದರ ಸೆಂ.ಮೀ.ಗೆ 35.5 ಕೆ.ಜಿ. ಬೋರ್ 28.6 ಮಿ.ಮೀ. ಮಾಡಿದರೆ ವಿಸ್ತೀರ್ಣ 6.42, ಒತ್ತಡ 28ಕ್ಕೆ ಇಳಿಯಿತು. ಬರೀ 3 ಮಿ.ಮೀ. ವ್ಯತ್ಯಾಸಕ್ಕೆ ಐದನೇ ಒಂದು ಭಾಗ ಒತ್ತಡ ಹೋಯಿತು. ಭಾರದ ಗಾಡಿಯನ್ನು ಡಿಸ್ಕ್‌ನಿಂದ ಜೋರಾಗಿ ನಿಲ್ಲಿಸಲು ಇದರ ಎರಡು ಪಟ್ಟಾದರೂ ಬೇಕಾಗಬಹುದು. ಅದನ್ನು ಕೊಡಬೇಕಾದದ್ದು ಬೂಸ್ಟರ್.

ಹಾಗಂತ ಬೋರ್ ಸಣ್ಣದು ಮಾಡುತ್ತಾ ಹೋಗಲೂ ಆಗುವುದಿಲ್ಲ. ದೊಡ್ಡ ಕ್ಯಾಲಿಪರ್ ಪಿಸ್ಟನ್‌ಗೆ ಹೆಚ್ಚು ಆಯಿಲ್ ಬೇಕು. ಸಣ್ಣ ಬೋರ್ ಅಷ್ಟು ತಳ್ಳುವ ಮುಂಚೆಯೇ ಪೆಡಲ್ ನೆಲಕ್ಕೆ ಬಂದಿರುತ್ತದೆ. ಹಾಗಾಗಿ ಕ್ಯಾಲಿಪರ್ ಯಾವುದೋ ಅದಕ್ಕೆ ತಕ್ಕ ಬೋರ್ ಎಷ್ಟು ಎಂದು ಕಿಟ್ ಕೊಡುವವರನ್ನೇ ಕೇಳಿ. ಹೇಳಲು ಅವರಿಗೆ ಗೊತ್ತಿಲ್ಲದಿದ್ದರೆ ಆ ಕಿಟ್ ಬೇಡ.

ಗಾಡಿಯಲ್ಲಿ ಇನ್ನೂ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ ಇದ್ದರೆ, ಬೇರೆ ಏನೂ ಮಾಡದಿದ್ದರೂ ಅದನ್ನು ಬದಲಿಸಿ. 1960ರ ದಶಕದ ಎಷ್ಟೋ ಗಾಡಿಗಳಲ್ಲಿ ಹಾಗಿತ್ತು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಎರಡು ಕೋಣೆಯ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಇದ್ದರೆ ಒಂದು ಕಡೆ ಹೋದರೂ ಇನ್ನೊಂದು ಉಳಿಯುತ್ತದೆ.

ಬೂಸ್ಟರ್‌ಗೆ ಜಾಗ ಇಲ್ಲ, ಇಲ್ಲವೇ ಎಂಜಿನ್ ಡೀಸೆಲ್, ವ್ಯಾಕ್ಯೂಮ್ ಸಾಲದು ಎಂದಾದರೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಹಾಕಬಹುದು. ಪವರ್ ಸ್ಟೀರಿಂಗ್ ಪಂಪ್‌ನ ಒತ್ತಡದಿಂದ ನಡೆಯುವ ಹೈಡ್ರೋಬೂಸ್ಟ್ ಇನ್ನೊಂದು ದಾರಿ. ಗಾತ್ರದಲ್ಲಿ ಚಿಕ್ಕದು, ಬಲ ಜಾಸ್ತಿ, ಭಾರದ ಗಾಡಿಗೆ ಒಳ್ಳೆಯ ಆಯ್ಕೆ. ಎಂಜಿನ್ ನಿಂತುಹೋದರೆ ಒಂದೆರಡು ಸಲ ನಿಲ್ಲಿಸುವಷ್ಟು ಒತ್ತಡವನ್ನು ಅದರ ಅಕ್ಯುಮುಲೇಟರ್ ಕೂಡಿಟ್ಟಿರುತ್ತದೆ. ಕೆಲಸ ಮುಗಿದ ಮೇಲೆ ಅದನ್ನೂ ಪರೀಕ್ಷಿಸಿ. ಇದರಲ್ಲಿ ಸ್ಟೀರಿಂಗ್ ಆಯಿಲ್ ಒಂದು ಕಡೆ, ಬ್ರೇಕ್ ಆಯಿಲ್ ಇನ್ನೊಂದು ಕಡೆ. ಸ್ಟೀರಿಂಗ್ ಆಯಿಲ್ ಒಂದು ಹನಿಯೂ ಬ್ರೇಕ್ ಕಡೆಗೆ ಸೇರಬಾರದು. ಸೀಲ್‌ಗಳೆಲ್ಲ ಊದಿ ಹಾಳಾಗುತ್ತವೆ.

ಹಂತ 5. ವಾಲ್ವ್‌ಗಳು

ಮುಂದೆ ಡಿಸ್ಕ್, ಹಿಂದೆ ಡ್ರಮ್ ಆದಾಗ ಹಳೆಯ ವಾಲ್ವ್ ಹಾಗೇ ಬಿಡಬೇಡಿ. ಮೂರು ಬಗೆಯವು ಗೊತ್ತಿರಲಿ.

ರೆಸಿಡ್ಯುಯಲ್ ವಾಲ್ವ್ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್‌ಗೆ ಸಾಮಾನ್ಯವಾಗಿ 10 ಪಿಎಸ್‌ಐ (ಒತ್ತಡದ ಒಂದು ಅಳತೆ). ಮಾಸ್ಟರ್ ಸಿಲಿಂಡರ್ ನೆಲದ ಕೆಳಗೆ, ಕ್ಯಾಲಿಪರ್‌ಗಿಂತ ಕೆಳಮಟ್ಟದಲ್ಲಿದ್ದರೆ ಡಿಸ್ಕ್‌ಗೂ 2 ಪಿಎಸ್‌ಐನದು ಬೇಕಾಗುತ್ತದೆ. ಡ್ರಮ್ಮಿನ 10 ಪಿಎಸ್‌ಐ ವಾಲ್ವ್ ಡಿಸ್ಕ್‌ನ ಪೈಪಿನಲ್ಲಿ ಉಳಿದುಬಿಟ್ಟರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಹಳೆಯ ಡ್ರಮ್ ಗಾಡಿಗಳಲ್ಲಿ ಇದು ಮಾಸ್ಟರ್ ಸಿಲಿಂಡರ್‌ನೊಳಗೇ ಅಡಗಿರುವುದುಂಟು, ಹುಡುಕಿ.

ಮೀಟರಿಂಗ್ ವಾಲ್ವ್ ಹಿಂದಿನ ಶೂ ಮುಟ್ಟುವವರೆಗೆ ಮುಂದಿನ ಡಿಸ್ಕನ್ನು ಕ್ಷಣಕಾಲ ತಡೆಯುತ್ತದೆ.

ಪ್ರಪೋರ್ಷನಿಂಗ್ ವಾಲ್ವ್ ಜೋರಾಗಿ ಒತ್ತಿದಾಗ ಹಿಂದಿನ ಒತ್ತಡವನ್ನು ಮಿತಿಯಲ್ಲಿಡುತ್ತದೆ. ಇದೇ ಮುಖ್ಯ. ಮುಂದಿನ ಚಕ್ರ ಲಾಕ್ ಆದರೆ ಗಾಡಿ ನೇರ ಜಾರುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ. ಉದ್ದದ, ಎತ್ತರದ ಗಾಡಿಯಲ್ಲಿ ಅದನ್ನು ಸುಧಾರಿಸಿಕೊಳ್ಳಲು ಆಗುವುದಿಲ್ಲ. ಕೈಯಲ್ಲಿ ಹೊಂದಿಸುವ ವಾಲ್ವ್ ಹಾಕಿದರೆ ಹಿಂದಿನ ಒತ್ತಡವನ್ನು ಕಡಿಮೆಯಲ್ಲಿಟ್ಟು ಶುರುಮಾಡಿ, ಪರೀಕ್ಷೆ ಮಾಡುತ್ತಾ ಏರಿಸಿ. ಹಿಂದಿನ ಆಕ್ಸಲ್‌ಗೆ ಕಡ್ಡಿ ಕಟ್ಟಿ, ಭಾರ ನೋಡಿ ತಾನೇ ಬದಲಾಗುವ ವಾಲ್ವ್ ಕೆಲವು ಗಾಡಿಗಳಲ್ಲಿರುತ್ತದೆ. ಅದು ತುಕ್ಕು ಹಿಡಿದು ನಿಂತಿದೆಯೇ ನೋಡಿ.

ಹಂತ 6. ಗಾಡಿ ಎತ್ತುವುದು

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಗ್ಯಾಸ್ ಮುಚ್ಚಿ, ಬ್ಯಾಟರಿ ಕಳಚಿ, ನೀರಿನ ಟ್ಯಾಂಕ್ ಖಾಲಿ ಮಾಡಿ. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಿ. ಸ್ಟ್ಯಾಂಡ್ ಕೂರಬೇಕಾದದ್ದು ಚಾಸಿ ಅಥವಾ ಆಕ್ಸಲ್ ಕೆಳಗೆ. ಮನೆಯ ನೆಲಕ್ಕೆ ಕೊಟ್ಟರೆ ಮುರಿದು ಕೆಳಗೆ ಬರುತ್ತದೆ. ಕ್ಯಾಂಪ್‌ನಲ್ಲಿ ಗಾಡಿ ಮಟ್ಟ ಮಾಡಲು ಇರುವ ಕಾಲುಗಳನ್ನು ನಂಬಿ ಅಡಿಗೆ ಹೋಗಬೇಡಿ. ಅವು ಆ ಕೆಲಸಕ್ಕೆ ಮಾಡಿದವಲ್ಲ.

ಹಂತ 7. ಜೋಡಿಸುವುದು

ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಅದರ ಮುಖದ ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯಿರಿ. ಒಂದು ಪದರ ಉಳಿದರೂ ರೋಟರ್ ಓರೆಯಾಗಿ ಕೂರುತ್ತದೆ. ಹೊಸ ರೋಟರ್ ಮೇಲೆ ತುಕ್ಕು ತಡೆಯಲು ಎಣ್ಣೆ ಸವರಿರುತ್ತಾರೆ, ಬ್ರೇಕ್ ಕ್ಲೀನರ್‌ನಿಂದ ತೊಳೆಯಿರಿ. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ಓಲಾಟ ಅಳೆಯಿರಿ. ಸಾಮಾನ್ಯವಾಗಿ 0.1 ಮಿ.ಮೀ. ಒಳಗಿರಬೇಕು, ಕೆಲವರು ಇನ್ನೂ ಕಡಿಮೆ ಕೇಳುತ್ತಾರೆ. ಇದನ್ನು ನೋಡದೆ ಬಿಟ್ಟರೆ ಮುಂದೆ ಸ್ಟೀರಿಂಗ್ ನಡುಗುತ್ತದೆ.

ಎಡ ಬಲ ಕ್ಯಾಲಿಪರ್ ಅದಲು ಬದಲಾಗುವುದು ಬಹಳ ಸಲ ಆಗುತ್ತದೆ. ಬೋಲ್ಟು ಸರಿಯಾಗಿ ಕೂರುತ್ತದೆ, ಏನೂ ತಪ್ಪು ಕಾಣುವುದಿಲ್ಲ. ಆದರೆ ಬ್ಲೀಡರ್ ಸ್ಕ್ರೂ ಕೆಳಗೆ ಬಂದಿರುತ್ತದೆ. ಗಾಳಿ ಮೇಲೇ ಉಳಿಯುತ್ತದೆ, ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಗಟ್ಟಿಯಾಗುವುದಿಲ್ಲ. ಬ್ಲೀಡರ್ ಯಾವಾಗಲೂ ಮೇಲ್ಗಡೆ ಇರಬೇಕು.

ಎಲ್ಲ ಬೋಲ್ಟುಗಳನ್ನೂ ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿಮಾಡಿ. ಹಬ್ ಬಿಚ್ಚಿದ್ದರೆ ಬೇರಿಂಗ್‌ಗೆ ಹೊಸ ಗ್ರೀಸ್, ಹೊಸ ಸೀಲ್, ಹೊಸ ಕಾಟರ್ ಪಿನ್. ಆಯಿಲ್ ಹಾಯಲು ನಡುವೆ ತೂತಿರುವ, ಹೋಸ್‌ನ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಎರಡೂ ಹೊಸದೇ ಆಗಿರಲಿ.

ಬೂಸ್ಟರ್‌ನಿಂದ ಮಾಸ್ಟರ್ ಸಿಲಿಂಡರ್‌ಗೆ ಬರುವ ಪುಶ್ ರಾಡ್ ಉದ್ದವನ್ನು ಅಳತೆ ಮಾಡಿಯೇ ಕೂರಿಸಿ. ರಾಡ್ ಸ್ವಲ್ಪ ಉದ್ದವಾದರೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಕಾದು ಹಿಗ್ಗಿದ ಆಯಿಲ್ ಟ್ಯಾಂಕಿಗೆ ಮರಳಲು ದಾರಿ ಮುಚ್ಚಿರುತ್ತದೆ. ಗ್ಯಾರೇಜಿನಲ್ಲಿ ಎಲ್ಲ ಸರಿ ಇರುತ್ತದೆ, ಹತ್ತಿಪ್ಪತ್ತು ಕಿ.ಮೀ. ಓಡಿದ ಮೇಲೆ ಬ್ರೇಕ್ ತಾನಾಗಿ ಹಿಡಿಯತೊಡಗುತ್ತದೆ. ತಯಾರಕರು ಹೇಳಿದ ಸಣ್ಣ ಸಂದು ಇಲ್ಲಿ ಇರಲೇಬೇಕು.

ಪೈಪುಗಳಿಗೆ ಉಕ್ಕು ಅಥವಾ ತಾಮ್ರ-ನಿಕಲ್ ಮಿಶ್ರಲೋಹ. ನೀರಿನ ಪೈಪಿಗೆ ಬಳಸುವ ಕಂಪ್ರೆಷನ್ ಜಾಯಿಂಟ್ ಬ್ರೇಕಿಗೆ ಬೇಡವೇ ಬೇಡ. ಪೈಪ್ ತುದಿಯ ಫ್ಲೇರ್‌ನಲ್ಲಿ ಎರಡು ಮಡಿಕೆಯದು ಒಂದು, ಗುಳ್ಳೆಯಂಥದು ಇನ್ನೊಂದು. ಒಂದರ ಜಾಗಕ್ಕೆ ಇನ್ನೊಂದನ್ನು ಬಿಗಿದರೆ ಸೋರುತ್ತದೆ. ಹೋಸ್ ಹಾಕಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರ ಪೂರ್ತಿ ಕೆಳಗಿಳಿದಾಗಲೂ ಮೇಲೇರಿದಾಗಲೂ ಎಲ್ಲಿಯೂ ಟೈರ್‌ಗೆ ತಾಗದು, ಬಿಗಿಯಾಗದು ಎಂದು ಖಚಿತ ಮಾಡಿಕೊಳ್ಳಿ.

ಹಂತ 8. ಆಯಿಲ್ ತುಂಬಿ ಗಾಳಿ ತೆಗೆಯುವುದು

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದಂತೆ ಬೇಗ ಕುದಿಯುತ್ತದೆ. ಕುದಿದರೆ ಆವಿಗುಳ್ಳೆ, ಪೆಡಲ್ ಟುಸ್ ಎಂದು ಕೆಳಗೆ. ಬ್ರೇಕ್ ಆಯಿಲ್‌ನ ದರ್ಜೆಗಳಿಗೆ ಡಾಟ್ ಎನ್ನುತ್ತಾರೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕು, ತೇವ ಸೇರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ಭಾರದ ಗಾಡಿಗೆ ಡಾಟ್ 4 ಅಥವಾ 5.1 ಹಾಕಿ. ಡಾಟ್ 5 ಬೇರೆಯೇ, ಅದು ಸಿಲಿಕೋನ್. ಉಳಿದವುಗಳ ಜೊತೆ ಬೆರೆಸುವಂತಿಲ್ಲ. ಅಂಕಿ ನೋಡಿ 5.1 ಎಂದುಕೊಂಡು 5 ತರಬೇಡಿ.

ಹೊಸ ಮಾಸ್ಟರ್ ಸಿಲಿಂಡರನ್ನು ಗಾಡಿಗೆ ಕೂರಿಸುವ ಮುಂಚೆ ವೈಸ್‌ನಲ್ಲಿ ಹಿಡಿದು, ಅದರ ಒಳಗಿನ ಗಾಳಿ ತೆಗೆಯಿರಿ. ಆಮೇಲೆ ಚಕ್ರಗಳು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ್ದು ಮೊದಲು, ಆದರೆ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಟ್ಯಾಂಕ್ ಖಾಲಿಯಾಗಲು ಬಿಡಬೇಡಿ. ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡಿದ್ದರೆ ಬ್ಲೀಡ್ ಮಾಡುವಾಗ ಪೆಡಲ್ಲನ್ನು ನೆಲದವರೆಗೆ ತುಳಿಯಬಾರದು. ಸೀಲ್ ಎಂದೂ ಮುಟ್ಟದ ತುಕ್ಕಿನ ಭಾಗಕ್ಕೆ ಹೋಗಿ ಹರಿಯುತ್ತದೆ. ಪೆಡಲ್ ಕೆಳಗೆ ಮರದ ತುಂಡು ಇಡಿ. ಬಣ್ಣದ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಹಂತ 9. ಪರೀಕ್ಷೆ

ಗಾಡಿ ನಿಂತಿರುವಾಗಲೇ ಎಂಜಿನ್ ಆನ್ ಮಾಡಿ, ಪೆಡಲ್ಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿ. ಸಹಾಯಕರು ಪ್ರತಿ ಜಾಯಿಂಟ್ ನೋಡಲಿ. ಬ್ರೇಕ್ ಲೈಟ್ ಹೊತ್ತಿಕೊಳ್ಳುತ್ತಿದೆಯೇ ಎಂದೂ ನೋಡಲಿ. ಆಮೇಲೆ ಖಾಲಿ ಜಾಗದಲ್ಲಿ ನಡಿಗೆಯ ವೇಗ, ಆಮೇಲೆ ಗಂಟೆಗೆ 30 ಕಿ.ಮೀ. ಒಂದು ಕಡೆಗೆ ಎಳೆದರೆ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ.

ಪ್ಯಾಡ್, ರೋಟರ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಇದಕ್ಕೆ ಬೆಡ್ಡಿಂಗ್ ಎನ್ನುತ್ತಾರೆ. ಪ್ಯಾಡ್ ತಯಾರಕರ ಸೂಚನೆ ಇಲ್ಲದಿದ್ದರೆ, ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ತಣಿಯಲು ಸ್ವಲ್ಪ ದೂರ ಓಡಿಸಿ. ಹೀಗೆ ಎಂಟು ಹತ್ತು ಸಲ. ಮುಗಿದ ಮೇಲೆ ಬಿಸಿ ಬ್ರೇಕನ್ನು ಒತ್ತಿ ಹಿಡಿದು ನಿಲ್ಲಬೇಡಿ, ಪ್ಯಾಡ್ ಅಚ್ಚು ರೋಟರ್ ಮೇಲೆ ಬೀಳುತ್ತದೆ.

ಈಗ ಥರ್ಮಾಮೀಟರ್ ತೆಗೆಯಿರಿ. ಒಂದೇ ಆಕ್ಸಲ್‌ನ ಎಡ ಬಲ ಚಕ್ರಗಳ ಬಿಸಿ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು ಬಹಳ ಬಿಸಿಯಾಗಿದ್ದರೆ ಅದು ಹಿಡಿದುಕೊಂಡಿದೆ. ಒಂದು ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ.

ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತಿದೆಯೇ ಎಂದು ಕಡಿಮೆ ವೇಗದಲ್ಲಿ, ಖಾಲಿ ಮೈದಾನದಲ್ಲಿ, ಹೊರಗೆ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಿ. ಗಾಡಿ ಖಾಲಿ ಇದ್ದಾಗ ಒಮ್ಮೆ, ಪೂರ್ತಿ ಭಾರ ತುಂಬಿ ಒಮ್ಮೆ. ಖಾಲಿ ಗಾಡಿಯಲ್ಲಿ ಹಿಂದಿನದು ಲಾಕ್ ಆಗುವುದು ಸುಲಭ, ಆ ಸ್ಥಿತಿಗೂ ವಾಲ್ವ್ ಸರಿಹೊಂದಿರಬೇಕು. ಹ್ಯಾಂಡ್ ಬ್ರೇಕನ್ನು ಇಳಿಜಾರಿನಲ್ಲಿ, ಪೂರ್ತಿ ಭಾರದೊಂದಿಗೆ, ಗಾಡಿಯ ಮುಖ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಮಾಡಿ ಪರೀಕ್ಷಿಸಿ.

ಮೊದಲ 100 ಕಿ.ಮೀ. ಒಳಗೆ ವೀಲ್ ನಟ್ಟುಗಳನ್ನು ಮತ್ತೆ ಟಾರ್ಕ್ ನೋಡಿ ಬಿಗಿ ಮಾಡಿ, ಜಾಯಿಂಟ್‌ಗಳನ್ನು ಬೆರಳಿನಿಂದ ಮುಟ್ಟಿ ಸೋರಿಕೆ ನೋಡಿ, ಆಯಿಲ್ ಮಟ್ಟ ಗುರುತು ಮಾಡಿಡಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ, ಗಾಡಿ ಓಡದೇ ನಿಂತಿದ್ದರೂ.

ಮೊದಲ ದೊಡ್ಡ ಇಳಿಜಾರಿಗೆ ಹೋದಾಗ ಇಳಿಯುವ ಮುಂಚೆಯೇ ಕೆಳಗಿನ ಗೇರ್ ಹಾಕಿ. ಆಟೊಮ್ಯಾಟಿಕ್ ಆದರೆ ಲಿವರನ್ನು 2 ಅಥವಾ 1ಕ್ಕೆ ತನ್ನಿ. ವೇಗ ಏರಿದಾಗ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ. ಸಣ್ಣಗೆ ಒತ್ತಿಕೊಂಡೇ ಇಳಿಯಬೇಡಿ. ಅರ್ಧ ದಾರಿಯಲ್ಲಿ ಜಾಗ ಸಿಕ್ಕರೆ ನಿಲ್ಲಿಸಿ, ನಾಲ್ಕೂ ಚಕ್ರದ ಬಿಸಿ ಅಳೆದು ಬರೆದುಕೊಳ್ಳಿ. ಮುಂದೆ ಯಾವತ್ತಾದರೂ ಬ್ರೇಕ್ ಮೇಲೆ ಅನುಮಾನ ಬಂದರೆ ಹೋಲಿಸಿ ನೋಡಲು ಆ ಅಂಕಿಗಳು ಬೇಕಾಗುತ್ತವೆ.